ಮುಸುಕಿನ ಮಚ್ಚು ಮತ್ತು ಹುಸೇನಪ್ಪನ ಬೆನ್ನು

ಕನ್ನಡ ಚಿತ್ರರಂಗಕ್ಕೆ ಕೆಲವು ಊರುಗಳು ನಾಯಕರನ್ನು ಕೊಟ್ಟಿವೆ, ಕೆಲವು ಗಾಯಕರನ್ನು ಕೊಟ್ಟಿವೆ. ನಮ್ಮ ಹೊಸಪೇಟೆ ಒಂದು ಬೆನ್ನನ್ನು ಕೊಟ್ಟಿದೆ. ರಾಜ್ಯ ಸಾಕ್ಷ್ಯಚಿತ್ರ ಪ್ರೋತ್ಸಾಹ ಘಟಕವು ೧೯೯೨ರಲ್ಲಿ ಖುದ್ದು ಸ್ಥಳ ಪರಿಶೀಲನೆ ನಡೆಸಿ ಈ ಸಂಗತಿಯನ್ನು ದೃಢಪಡಿಸಿರುವುದರಿಂದ ಈಗ ಯಾರೂ ತಕರಾರು ಎತ್ತುವಂತಿಲ್ಲ.

ಸದರಿ ಬೆನ್ನಿನ ಮಾಲೀಕ ಹುಸೇನಪ್ಪ. ಸಕ್ಕರೆ ಕಾರ್ಖಾನೆಯ ರಸ್ತೆಯಲ್ಲಿ ಅವನದೊಂದು ಮಿರ್ಚಿ-ಮಂಡಕ್ಕಿ ಅಂಗಡಿ. ಒಲೆಯನ್ನು ಗೋಡೆಗೆ ಅಂಟಿಸಿ ಕಟ್ಟಿದ್ದರಿಂದ ಅವನು ದಿನವಿಡೀ ಗಿರಾಕಿಗಳಿಗೆ ಬೆನ್ನು ಹಾಕಿಯೇ ಮಿರ್ಚಿ ಕರಿಯುತ್ತಿದ್ದ. ಮಂಡಕ್ಕಿ ಕಲಸುವುದು, ರೊಕ್ಕ ಇಸಕೊಳ್ಳುವುದು, ಗಿರಾಕಿಗಳನ್ನು ಬೈಯುವುದು ಇವೆಲ್ಲ ಹೆಂಡತಿ ತಿಪ್ಪಕ್ಕನ ಖಾತೆಗೆ ಸೇರಿದ್ದವು.

ಆಗ ಕಾಲುವೆ ನೀರು ಕಂಡ ಕಾಲ. ಎರಡನೇ ಬೆಳೆಯ ರೊಕ್ಕವನ್ನು ಎಲ್ಲಿಡಬೇಕೆಂಬುದು ನಮ್ಮ ಕಡೆಯ ಗಂಭೀರ ಸಮಸ್ಯೆಯಾಗಿತ್ತು. ಕೆಲವರು ಬುಲೆಟ್ ಗಾಡಿ ತಂದರು. ಕೆಲವರು ಮನೆಗೆ ಮಹಡಿ ಎಬ್ಬಿಸಿ ಅದರಲ್ಲಿ ಮೇವು ತುಂಬಿದರು. ಕಂಪ್ಲಿಯ ಅಕ್ಕಿ ಗಿರಣಿಯ ಉಚ್ಚೆಂಗಪ್ಪ ಸಾಹುಕಾರರು ಕೊಲೆ ಸಿನಿಮಾ ತೆಗೆದರು. ಹೆಸರು ‘ಮುಸುಕಿನ ಮಚ್ಚು’. ಕಂಬಳಿ ಮುಸುಕು ಹೊದ್ದ ಒಬ್ಬ ಆಸಾಮಿ ಕಬ್ಬಿನ ಗದ್ದೆಯಲ್ಲೂ ಹಂಪಿಯ ಕಂಬಗಳ ಹಿಂದೆಯೂ ಅಡಗಿದ್ದು, ಸಿಕ್ಕಸಿಕ್ಕವರನ್ನು ಮಚ್ಚಿನಿಂದ ಕಡಿದು, ಕಡೆಗೆ ಕಾಲುವೆಗೆ ಬಿದ್ದು ಸಾಯುತ್ತಾನೆ. ಮರುವರ್ಷ ಕಾಲುವೆಗೆ ನೀರು ಬಿಟ್ಟಾಗ ನೀರಿನ ಜೊತೆಗೆ ಅವನೂ ಬರುತ್ತಾನೆ. ಹೀಗೆ ಒಂಬತ್ತು ಭಾಗಗಳು ಬಂದವು. ನೀರಾವರಿಯಿಂದ ಇಷ್ಟೊಂದು ಅನುಕೂಲವಿದೆಯೆಂದು ಅಣೆಕಟ್ಟೆ ಕಟ್ಟಿದ ಎಂಜಿನಿಯರುಗಳಿಗೂ ಹೊಳೆದಿರಲಿಕ್ಕಿಲ್ಲ.

ಒಂಬತ್ತೂ ಭಾಗಗಳಲ್ಲಿ ಮೊಟ್ಟಮೊದಲು ಕಡಿಸಿಕೊಂಡವನು ಹುಸೇನಪ್ಪ. ಒಮ್ಮೆ ಮಿರ್ಚಿ ತಿನ್ನಲು ಬಂದ ಸಾಹುಕಾರರು, ‘ಇಷ್ಟು ನೆಮ್ಮದಿಯಿಂದ ನಿಂತ ಬೆನ್ನು ನಾನೆಲ್ಲೂ ನೋಡಿಲ್ಲ, ನೋಡಿದ ಕೂಡಲೇ ಕಡಿಬೇಕು ಅನಸ್ತೈತಿ’ ಎಂದು ಸ್ಥಳದಲ್ಲೇ ಆಯ್ಕೆ ಮಾಡಿದ್ದರು. ಮುಖವನ್ನೂ ಒಂಚೂರು ತೋರಿಸಿ ಎಂದು ಹುಸೇನಪ್ಪ ಎರಡನೇ ಭಾಗದಿಂದಲೂ ಬೇಡುತ್ತಲೇ ಬಂದಿದ್ದ.

“ಲೇ ಹುಸೇನಿ, ಮುಖ ತೋರಿಸಿದ್ರ ಒಂದ ಸಲ ಸಾಯಬೌದು. ಬೆನ್ನು ತೋರಿಸಿದ್ರ ಎಷ್ಟು ಸಲ ಬೇಕಾದ್ರೂ ಸಾಯಬೌದು. ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ,” ಎನ್ನುತ್ತಿದ್ದರು ಸಾಹುಕಾರರು.

ಈ ವ್ಯವಸ್ಥೆಯನ್ನು ಇಡೀ ತಾಲೂಕು ಒಪ್ಪಿತ್ತು. ಒಪ್ಪದವರು ಒಬ್ಬರೇ: ಸಂಡೂರಿನಲ್ಲಿದ್ದ ಹುಸೇನಪ್ಪನ ಅತ್ತೆ ಪಕೀರಮ್ಮ. ಅವರ ಮನೆತನದಲ್ಲಿ ಅತ್ತೆ ಅಳಿಯನ ಮುಖ ನೋಡಿ ಮಾತಾಡುವ ಪದ್ಧತಿಯಿಲ್ಲ. ಸೆರಗನ್ನು ಹಣೆತನಕ ಎಳೆದುಕೊಂಡು ಮಗಳಿಗೆ ಹೇಳಬೇಕು, ಮಗಳು ಪಕ್ಕದಲ್ಲೇ ಕೂತ ಗಂಡನಿಗೆ ಮುಟ್ಟಿಸಬೇಕು.

“ತಿಪ್ಪಿ, ನಿನ್ನ ಗಂಡಗ ಹೇಳು. ಬೆನ್ನು ಎಲ್ಲಾರಿಗೂ ಇರ್ತೈತಿ. ನಮ್ಮ ಎತ್ತಿಗೂ ಐತಿ.”

“ಅವ್ವ ಹೇಳ್ತಾಳ, ಬೆನ್ನು ಎತ್ತಿಗೂ ಐತಂತ.”

“ನಿಮ್ಮವ್ವಗ ಕೇಳು, ಆ ಎತ್ತನ್ನ ಯಾರಾರ ಸಿನಿಮಾದಾಗ ಒಂಬತ್ತು ಸಲ ಕಡದಾರೇನು?”

“ಅದು ಇವನ ಬೆನ್ನು ಅನ್ನಾಕ ಗುರ್ತು ಏನೈತಿ ಅಂತ ಕೇಳವ್ವ. ಯಾವನೋ ಹಮಾಲಿದು ಇದ್ದೀತು.”

ಊರಿನಲ್ಲಿ ಯಾರಾದರೂ ಅಳಿಯನ ಬಗ್ಗೆ ಕೇಳಿದರೆ ಪಕೀರಮ್ಮ, “ಅಳಿಯ ಮಿರ್ಚಿ ಸುಡ್ತಾನ” ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದಳು. ಆಕೆಯ ಬಾಯಿಂದ ಒಂದೇ ಒಂದು ಸಲ ‘ನಮ್ಮ ಅಳಿಯಂದ್ರು’ ಅನ್ನಿಸಿಕೊಂಡುಬಿಟ್ಟರೆ ಹತ್ತನೇ ಭಾಗದಲ್ಲಿ ನಿಜವಾಗಿಯೇ ಕಡಿಸಿಕೊಳ್ಳಲೂ ಹುಸೇನಪ್ಪ ತಯಾರಿದ್ದ.

ಅಷ್ಟರಲ್ಲಿ ಸಾಕ್ಷ್ಯಚಿತ್ರ ಘಟಕದ ಪ್ರಕಟಣೆ ಹೊರಟಿತು: ‘ದೀರ್ಘಕಾಲೀನ ಕೊಲೆ ಚಿತ್ರಮಾಲೆಗಳು ನಾಡಿನ ಸಂಸ್ಕೃತಿಯ ಅಂಗವಾಗಿರುವುದರಿಂದ, ಸದರಿ ಚಿತ್ರಗಳ ಬಗ್ಗೆ ಮಚ್ಚು, ರಕ್ತ, ಕಿರುಚಾಟ ಹಾಗೂ ಸಾವುಗಳನ್ನು ಹೊರತುಪಡಿಸಿ ಒಂದು ಸಾಕ್ಷ್ಯಚಿತ್ರವನ್ನು ನಿರ್ಮಿಸಲಾಗುವುದು.’ ಇದನ್ನು ತೆಗೆಯಲು ಬೆಂಗಳೂರಿನಿಂದ ಮರುಳಸಿದ್ದಪ್ಪ ಎಂಬ ಅಧಿಕಾರಿಗಳು ಜೀಪಿನಲ್ಲಿ ಬಂದಿಳಿದರು. ಅವರು ಒಂಬತ್ತರಲ್ಲಿ ಒಂದು ಭಾಗವನ್ನೂ ನೋಡಿರಲಿಲ್ಲ. ನೋಡಿದರೆ ನಿಷ್ಪಕ್ಷಪಾತಕ್ಕೆ ಭಂಗ ಬರುತ್ತದೆಂಬುದು ಅವರ ನಿಲುವಾಗಿತ್ತು.

ಸಂದರ್ಶನದ ದಿನ ಹುಸೇನಪ್ಪ ನುಣ್ಣಗೆ ಕ್ಷೌರ ಮಾಡಿಸಿ, ಮೀಸೆಗೆ ಬಣ್ಣ ಹಚ್ಚಿ, ಪೌಡರು ಬಳಿದುಕೊಂಡು ಮದುಮಗನಂತೆ ಕ್ಯಾಮೆರಾದ ಎದುರು ಕುಳಿತ.

“ತಿರುಗಿ ಕುಳಿತುಕೊಳ್ಳಿ,” ಎಂದರು ಮರುಳಸಿದ್ದಪ್ಪ.

“ಎತ್ತಾಗ್ರಿ?”

“ಗೋಡೆ ಕಡೆಗೆ. ಸಾಕ್ಷ್ಯಚಿತ್ರದಲ್ಲಿ ಸಾಕ್ಷ್ಯವಿಲ್ಲದ್ದನ್ನು ತೋರಿಸತಕ್ಕದ್ದಲ್ಲ. ಒಂಬತ್ತು ಭಾಗಗಳಲ್ಲಿ ನಿಮ್ಮ ಬೆನ್ನಿಗೆ ಸಾಕ್ಷ್ಯವಿದೆ. ಮುಖಕ್ಕಿಲ್ಲ.”

“ನಾನ ಇಲ್ಲಿ ಕುಂತೀನಲ್ರಿ ಸಾಹೇಬ್ರ!”

“ಕುಳಿತಿದ್ದೀರಿ, ಅದನ್ನು ಘಟಕ ಅಲ್ಲಗಳೆಯುವುದಿಲ್ಲ. ಆದರೆ ಅದು ಮಿರ್ಚಿ ಅಂಗಡಿಗೆ ಸಂಬಂಧಪಟ್ಟ ಸಾಕ್ಷ್ಯ.”

ತಿಪ್ಪಕ್ಕ ಹಿಟ್ಟಿನ ಕೈಯಲ್ಲೇ ಮುಂದೆ ಬಂದಳು. “ಆ ಬೆನ್ನಿನ ಮುಖ ಇದ ಅಂತ ನಾನು ಹೇಳ್ತೀನಲ್ರಿ.”

“ನೀವು ಹೆಂಡತಿ. ನಿಮ್ಮದು ಪಕ್ಷಪಾತದ ಹೇಳಿಕೆಯಾಗುತ್ತದೆ.”

“ಪಕ್ಷಪಾತ ಮಾಡಾಕಿ ಆಗಿದ್ರ ಈ ಮುಖ ನನಗ ಗೊತ್ತಿಲ್ಲ ಅಂತಿದ್ನಿ.”

ನ್ಯಾಯವಾಗಿ ನಡೆದುಕೊಳ್ಳಬೇಕೆಂದು ಮರುಳಸಿದ್ದಪ್ಪನವರು ಟಾಕೀಸಿನ ಅಂಗಳದಲ್ಲಿ ಬಹಿರಂಗ ಗುರುತು ಪತ್ತೆ ಏರ್ಪಡಿಸಿದರು. ಹುಸೇನಪ್ಪ ಬೆಂಚಿನ ಮೇಲೆ ಹತ್ತಿ ಜನರಿಗೆ ಮುಖ ತೋರಿಸಿ ನಿಂತ. ಜನ ಹತ್ತಿರ ಬಂದು ನೋಡಿದರು, ದೂರ ಹೋಗಿ ನೋಡಿದರು. ಕರೆಂಟು ಬಿಲ್ಲಿನವ ಇರಬೇಕು ಎಂದರು ಒಬ್ಬರು. ಅಲ್ಲ, ಕುರೆಕುಪ್ಪದ ಕಡೆಯ ಬೀಗರು ಯಾರೋ ಎಂದರು ಇನ್ನೊಬ್ಬರು. ನಿತ್ಯ ಮಿರ್ಚಿ ತಿಂದು ಉದ್ರಿ ಹೇಳುವ ಪಂಪಣ್ಣನಂತೂ ಕಣ್ಣು ಕಿರಿದು ಮಾಡಿ, “ಸುಳ್ಳು ಯಾಕ ಹೇಳಬೇಕ್ರಿ, ಈ ಮುಖ ನಾ ಎಲ್ಲೂ ಕಂಡಿಲ್ಲ” ಎಂದುಬಿಟ್ಟ.

ಹುಸೇನಪ್ಪ ಬೇಜಾರಿನಿಂದ ಬೆಂಚಿನಿಂದ ಇಳಿಯಲು ತಿರುಗಿದ. ಅಷ್ಟೇ. ಅಂಗಳದ ತುಂಬ ಶಿಳ್ಳೆ ಎದ್ದಿತು. “ಲೇ, ನಮ್ಮ ಹುಸೇನಪ್ಪ! ಹಿಂದ ನೋಡಪ್ಪೋ, ಬಂದ ನೋಡು ಮುಸುಕಿನವ!” ಎಂದು ಟಾಕೀಸಿನಲ್ಲಿ ಕೂಗುವಂತೆಯೇ ಜನ ಕೂಗಿದರು. ಕೂಗು ಕಿವಿಗೆ ಬಿದ್ದ ತಕ್ಷಣ ಅಭ್ಯಾಸಬಲದಿಂದ ಹುಸೇನಪ್ಪ ಎರಡೂ ಕೈ ಮೇಲೆತ್ತಿ, ಅರ್ಧ ಸುತ್ತು ತೂಗಾಡಿ, ಧೊಪ್ಪನೆ ನೆಲಕ್ಕೆ ಬಿದ್ದು ಸತ್ತ. ಮರುಳಸಿದ್ದಪ್ಪನವರು ‘ಬೆನ್ನು ಸಾಬೀತಾಗಿದೆ, ಮುಖ ಸಾಬೀತಾಗಿಲ್ಲ’ ಎಂದು ಷರಾ ಬರೆದರು.

ಮೇಲ್ಮನವಿ ಹೋಯಿತು. ಪೂರ್ತಿ ಮುಖ ಬೇಡ, ಕಾಲುಭಾಗವಾದರೂ ತೋರಿಸಿ ಎಂದು ಹುಸೇನಪ್ಪ ಬೇಡಿಕೊಂಡ. ಬಹಳ ಚರ್ಚೆಯ ನಂತರ ಎಡಗಿವಿ ಮಂಜೂರಾಯಿತು. ಸುದ್ದಿ ಕೇಳಿದ ಉಚ್ಚೆಂಗಪ್ಪ ಸಾಹುಕಾರರು ಕಂಪ್ಲಿಯಿಂದ ಕಾರಿನಲ್ಲಿ ಓಡಿ ಬಂದರು. “ಇವತ್ತು ಕಿವಿ ಅಂತೀರಿ, ನಾಳೆ ಗಲ್ಲ ಅಂತೀರಿ! ಹತ್ತನೇ ಭಾಗದಾಗ ನಾ ಯಾರನ್ನ ಕಡಿಸ್ಲಿ?” ಎಂದು ಮರುಳಸಿದ್ದಪ್ಪನವರ ಮೇಜು ಗುದ್ದಿದರು. ಅವರು ಗುದ್ದುವ ಅಗತ್ಯವಿರಲಿಲ್ಲ. ಒಂದೇ ಕಿವಿಯನ್ನು ತೋರಿಸಿದಲ್ಲಿ ಇನ್ನೊಂದನ್ನು ಯಾರೋ ಕಡಿದಿದ್ದಾರೆಂಬ ಹಿಂಸಾತ್ಮಕ ಭಾವನೆ ಮೂಡುವುದೆಂದು ಘಟಕದ ಬೆಂಗಳೂರಿನ ಸಮಿತಿಯೇ ಅದನ್ನು ಕತ್ತರಿಸಿ ಹಾಕಿತು. ಹೀಗೆ ಹುಸೇನಪ್ಪನನ್ನು ಸರ್ಕಾರವೂ ಒಮ್ಮೆ ಕಡಿದಂತಾಯಿತು.

ಸಾಕ್ಷ್ಯಚಿತ್ರದ ಮೊದಲ ಪ್ರದರ್ಶನ ಹೊಸಪೇಟೆಯಲ್ಲೇ ನಡೆಯಿತು. ಪಕೀರಮ್ಮ ಅದಿರಿನ ಲಾರಿ ಹತ್ತಿ ಬಂದು ಹೆಂಗಸರ ಸಾಲಿನಲ್ಲಿ ಕುಳಿತಳು. ಮುಕ್ಕಾಲು ಪಾಲು ಚಿತ್ರ ಜಲಾಶಯದ ಗೇಟುಗಳು ಮತ್ತು ಸುಧಾರಿತ ಭತ್ತದ ತಳಿಗಳ ಬಗ್ಗೆ ಇತ್ತು. ಅದಾದ ಮೇಲೆ ಪರದೆಯ ತುಂಬ ಬೆನ್ನು ಬಂತು. ಹುಸೇನಪ್ಪನ ಮಾತು ಗ್ರಾಮ್ಯವಾಯಿತೆಂದು ಬೇರೊಬ್ಬರಿಂದ ಧ್ವನಿ ಕೊಡಿಸಿದ್ದರು. “ಬಾಲ್ಯದಿಂದಲೂ ನಾನು ಕಲೆಯ ಆರಾಧಕನಾಗಿದ್ದೇನೆ,” ಎಂದಿತು ಬೆನ್ನು.

ಸನ್ಮಾನ ಸಮಾರಂಭವನ್ನೂ ಶಿಸ್ತಾಗಿ ನಡೆಸಲಾಯಿತು. ಗಣ್ಯರಿಗೆ ಗುರುತು ಸಿಗಲೆಂದು ಹುಸೇನಪ್ಪನ ಕುರ್ಚಿಯನ್ನು ವೇದಿಕೆಯ ಹಿಂದಿನ ಪರದೆಯ ಕಡೆಗೆ ತಿರುಗಿಸಿ ಹಾಕಿದ್ದರು. ಹಾರ ಹಿಂದಿನಿಂದ ಬಂತು, ಶಾಲು ಹಿಂದಿನಿಂದ ಬಂತು, ಭಾಷಣಗಳೂ ಹಿಂದಿನಿಂದಲೇ ಬಂದವು. ‘ಯುವಕರು ಇಂಥ ಬೆನ್ನನ್ನು ಬೆಳೆಸಿಕೊಳ್ಳಬೇಕು’ ಎಂದು ಅಧ್ಯಕ್ಷರು ಕರೆ ಕೊಟ್ಟರು. ಹುಸೇನಪ್ಪನ ಎದುರಿಗೆ ತೇಪೆ ಹಾಕಿದ ನೀಲಿ ಪರದೆ ಮಾತ್ರ ಇತ್ತು. ಅವನು ಅದಕ್ಕೇ ಕೈ ಮುಗಿದ.

“ನಿಮ್ಮವ್ವ ಏನಂದ್ಳು?” ಎಂದು ತಿಪ್ಪಕ್ಕನನ್ನು ಕೇಳಿದ, ಕೆಳಗಿಳಿದವನೇ.

“ಎದ್ದು ಹ್ವಾದ್ಲು.”

ಅದಾದ ಮೇಲೆ ಹುಸೇನಪ್ಪ ಕರಿದ ಮಿರ್ಚಿಗಳಲ್ಲಿ ಉಪ್ಪು ಇರಲಿಲ್ಲ. ಗಿರಾಕಿಗಳು ಬೆನ್ನು ನೋಡಿ, ಕಲಾವಿದರಿಗೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನೆ ತಿಂದು ಹೋದರು. ಮುಂದಿನ ಅಮಾವಾಸ್ಯೆಗೆ ಅಂಗಡಿ ಮುಚ್ಚಿ ಗಂಡ ಹೆಂಡತಿ ಸಂಡೂರಿನ ಬಸ್ಸು ಹತ್ತಿದರು.

ಪಕೀರಮ್ಮ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಅಳಿಯನನ್ನು ಕಂಡವಳೇ ಸೆರಗು ಎಳೆದುಕೊಂಡು ಮಗಳ ಕಿವಿಯಲ್ಲಿ ಏನೋ ಹೇಳಿದಳು.

“ಅವ್ವ ಹೇಳ್ತಾಳ, ತಿರುಗಬೇಕಂತ.”

“ಅಂದ್ರ, ಬಂದ ದಾರೀಲೆ ಹೋಗಬೇಕೇನು?”

“ಹೋಗಬ್ಯಾಡಂತ. ಬರೇ ತಿರುಗಬೇಕಂತ.”

ಹುಸೇನಪ್ಪ ಹೊಸ್ತಿಲ ಹೊರಗೆ ನಿಂತು ಬೀದಿಯ ಕಡೆ ತಿರುಗಿದ. ಹಿಂದೆ ಬಳೆ ಸದ್ದಾಯಿತು, ಸೆರಗು ಹೆಗಲಿಗೆ ಜಾರಿತು. ಮುಖವೇ ಇಲ್ಲದ ಮೇಲೆ ಪದ್ಧತಿಗೂ ಅಡ್ಡಿಯಿರಲಿಲ್ಲ. ಮದುವೆಯಾದಾಗಿನಿಂದ ಮೊದಲ ಸಲ, ಮಗಳ ನೆರವಿಲ್ಲದೆ, ಪಕೀರಮ್ಮನ ದನಿ ನೇರವಾಗಿ ಅವನಿಗೇ ಬಂತು.

“ಅಯ್ಯ, ನಮ್ಮ ಅಳಿಯಂದ್ರು! ಆರಾಮದೀರಿ? ಬರ್ರಿ, ಒಳಗ ಬರ್ರಿ. ಹೊಸ್ತಿಲು ಐತಿ, ಹುಷಾರು.”

ಹುಸೇನಪ್ಪನ ಕಣ್ಣು ತುಂಬಿ ಬಂದವು. ತಿರುಗಿ ನೋಡಿದರೆ ಎಲ್ಲ ಕೆಟ್ಟೀತೆಂದು ಹೆದರಿ, ಹಿಮ್ಮಡಿಯಿಂದ ಹೊಸ್ತಿಲು ತಡವುತ್ತ ಹಿಂದಕ್ಕೆ ಹೆಜ್ಜೆಯಿಟ್ಟ. ಎದುರು ಮನೆಯ ನಿಂಗಕ್ಕನಿಗೆ ಅವನ ಮುಖ ಮಾತ್ರ ಕಾಣುತ್ತಿತ್ತು. ಯಾರೋ ಗುರುತಿಲ್ಲದವರು ಅತ್ತುಕೊಂಡು ಮನೆ ಬಿಟ್ಟು ಹೊರಟಿದ್ದಾರೆಂದು ತಿಳಿದು ಆಕೆ ಕಟ್ಟೆಯಿಂದಲೇ ಕೂಗಿ ಹೇಳಿದಳು:

“ಯಾಕ್ರಿ, ಇಷ್ಟು ಜಲ್ದಿ ಹೊಂಟ್ರಿ? ಉಂಡು ಹೋಗಬೇಕಿತ್ತು.”

“ಇಲ್ಲಬೇ, ಇನ್ನೊಮ್ಮೆ ಬರ್ತೀನಿ,” ಎಂದು ಹುಸೇನಪ್ಪ ಕೈ ಮುಗಿದು, ಹಿಂದೆ ಹಿಂದೆ ಸರಿದು ಮನೆಯ ಒಳಗೆ ಹೋದ.