ಎಳೆದಷ್ಟೂ ಹರಿಯದ ಚೀಸು

ಸ್ಯಾಂಡ್‌ವಿಚ್ ಮಾಡುವುದೇನು ಮಹಾ ವಿದ್ಯೆ? ಎರಡು ಬ್ರೆಡ್ಡು, ನಡುವೆ ಏನಾದರೊಂದು, ಮೇಲಿಂದ ಒಂದು ಒತ್ತು. ಮುಂಬೈಯ ಹೋಟೆಲಿನಲ್ಲಿ ಅರ್ಧ ಆಯುಷ್ಯ ಕಳೆದು ಬ್ರಹ್ಮಾವರಕ್ಕೆ ಮರಳಿದ ನನಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಸಾವಿರಾರು ಸ್ಯಾಂಡ್‌ವಿಚ್ಚುಗಳು ನನ್ನ ಕಣ್ಣೆದುರೇ ಹಾದುಹೋಗಿವೆ. ಹಾದುಹೋಗಿವೆ ಎಂದೆ, ಗಮನಿಸಿ. ನಾನು ಕೂರುತ್ತಿದ್ದುದು ಗಲ್ಲಾದಲ್ಲಿ.

ಈ ಸಣ್ಣ ವಿವರವನ್ನು ಊರಿನವರಿಗೆ ತಿಳಿಸುವ ಸಂದರ್ಭ ಒದಗಿ ಬಂದಿರಲಿಲ್ಲ. ನಮ್ಮ ಕಡೆ ‘ಮುಂಬೈ ಹೋಟ್ಲಿನವ್ರು’ ಅಂದರೆ ಮುಗಿಯಿತು. ಮದುವೆ ಮನೆಯ ಅಡುಗೆಯವರೂ ಸೌಟು ಹಿಡಿದು ಬಂದು ನನ್ನ ಅಭಿಪ್ರಾಯ ಕೇಳುತ್ತಿದ್ದರು. ನಾನು ಕಣ್ಣು ಮುಚ್ಚಿ ಸವಿದು, “ಉಪ್ಪ್ ಒಂದ್ ಚೂರ್...” ಎನ್ನುತ್ತಿದ್ದೆ. ಕಡಿಮೆಯಾಯಿತೋ ಹೆಚ್ಚಾಯಿತೋ ಎಂಬುದನ್ನು ಅವರ ಅನುಭವಕ್ಕೇ ಬಿಡುತ್ತಿದ್ದೆ.

ಆದರೆ ಕೂರಲು ಗಲ್ಲಾ ಇಲ್ಲದೆ ನಾನು ಒಳಗೊಳಗೇ ಒಣಗಿಹೋಗಿದ್ದೆ. ಬೆಳಿಗ್ಗೆ ಎದ್ದರೆ ಜಗಲಿ ಬಿಟ್ಟು ಹೋಗುವುದಕ್ಕೊಂದು ಜಾಗವಿಲ್ಲ. ಮೀನು ಮಾರುವ ಹೆಂಗಸಿನ ಹತ್ತಿರ ಅಭ್ಯಾಸಬಲದಿಂದ ಬಿಲ್ಲು ಕೇಳಿದೆ. ಅವಳು ನಮ್ಮ ಗೇಟಿನತ್ತ ಬರುವುದನ್ನೇ ಬಿಟ್ಟಳು. ಹೆಂಡತಿ ಗಿರಿಜಾ ಕಡೆಗೂ ಬಾಯಿ ಬಿಟ್ಟಳು.

“ಎಲ್ಲಾದ್ರೂ ಒಂದ್ ಕೆಲ್ಸ ಹುಡ್ಕಣಿ ಮಾರಾಯ್ರೆ. ನಿಮ್ಮನ್ ಇಡೀ ದಿನ ಮನೇಲ್ ಇಟ್ಕಂಬುಕೆ ನನ್ ಹತ್ರ ಆತ್ತಿಲ್ಲೆ.”

ಅಷ್ಟರಲ್ಲಿ ಅದೃಷ್ಟ ಫೋನ್ ಮಾಡಿತು. ಗಿರಿಜಾಳ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ ಜಯರಾಮಣ್ಣ, ಕಿರಿಮಂಜೇಶ್ವರದ ಹೆದ್ದಾರಿ ಪಕ್ಕ ಹೋಟೆಲು ತೆರೆಯುವ ತಯಾರಿಯಲ್ಲಿದ್ದರು.

“ಭಾವ, ಕಿಚನ್ ಕಾಂಬುಕೆ ಒಬ್ರ್ ಬೇಕಿತ್ತ್. ಈಗಿನ ಮಕ್ಕಳಿಗೆ ಚೀಸ್ ಹಾಕಿದ ಬಿಸಿ ಸ್ಯಾಂಡ್‌ವಿಚ್ಚೇ ಬೇಕಂಬ್ರ್. ನಿಮ್ಗ್ ಅದೆಲ್ಲ ಬತ್ತಲ್ದೆ?”

“ಎಂತ ಕೇಂತ್ರಿ ಭಾವ, ನಾನ್ ಬೆಳ್ದದ್ದೇ ಅದ್ರಲ್ಲಿ.”

“ಹಂಗಾರೆ ಆದಿತ್ವಾರ ಮಧ್ಯಾಹ್ನ ಬತ್ತೆ. ಒಂದ್ ತಿಂದ್ ಕಾಂಬ.”

ಫೋನ್ ಇಟ್ಟಾಗ ಗಿರಿಜಾ ನನ್ನನ್ನೇ ನೋಡುತ್ತಿದ್ದಳು. “ಹ್ವಾಯ್, ನಿಮ್ಗ್ ಚಾ ಮಾಡುಕೆ ಬತ್ತಾ?”

ಪ್ರಶ್ನೆ ವಿಷಯಕ್ಕೆ ಸಂಬಂಧಪಟ್ಟದ್ದಲ್ಲ ಎಂದು ಅದನ್ನು ವಜಾ ಮಾಡಿದೆ.

ಮೊಬೈಲಿನ ವಿಡಿಯೋದಲ್ಲಿ ವಿದೇಶಿಯೊಬ್ಬ ಸ್ಯಾಂಡ್‌ವಿಚ್ ಮಾಡುತ್ತಿದ್ದ. ಅವನ ಇಂಗ್ಲಿಷಿನ ಓಟಕ್ಕೆ ನನ್ನ ಕಿವಿ ಸಾಲಲಿಲ್ಲ, ಕೈ ನೋಡಿಯೇ ಕಲಿತೆ. ಅವನದು ದನದ ಮಾಂಸದ್ದು. ಅದು ನಮ್ಮ ಮನೆಯಲ್ಲಿ ನಡೆಯುವ ಮಾತಲ್ಲ. ಆದರೆ ಕ್ರಮ ಎಲ್ಲಿದ್ದರೂ ಕ್ರಮವೇ ತಾನೆ? ‘ಮಾಂಸ’ ಎಂದಿದ್ದಲ್ಲೆಲ್ಲ ‘ಕೋಳಿ’ ಎಂದು ತಿದ್ದುಪಡಿ ತಂದೆ. ಬ್ರಹ್ಮಾವರದ ಬೇಕರಿಯಿಂದ ಬ್ರೆಡ್ಡೂ ಚೀಸಿನ ಚೌಕಗಳೂ ಬಂದವು.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಆಡಳಿತ ವಹಿಸಿಕೊಂಡೆ. ಗಿರಿಜಾ ಅದಾಗಲೇ ಒಂದು ಒಲೆಯ ಮೇಲೆ ಕೋಳಿ ಸಾರು ಕುದಿಸಿ ಮುಗಿಸಿದ್ದಳು.

“ಇವತ್ ಸಾರ್ ಯಾರಿಗ್ ಬೇಕ್?” ಎಂದೆ.

“ಇರ್ಲಿ, ಬದೀಗಿರ್ಲಿ” ಎಂದಳು.

ವಿಡಿಯೋದವನು ಬ್ರೆಡ್ಡನ್ನು ಮೊದಲು ಗರಿಗರಿ ಮಾಡಿಕೊಂಡಿದ್ದ. ನಾನೂ ಬ್ರೆಡ್ಡನ್ನೆಲ್ಲ ದೋಸೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಜೋಡಿಸಿದೆ. ಜಯರಾಮಣ್ಣ ಹೊರಟಿದ್ದೇನೆ ಎಂದು ಫೋನ್ ಮಾಡಿದರು. ಬಿಸಿಯಾಗಿರಲಿ ಎಂದು ಬ್ರೆಡ್ಡನ್ನು ಕಾವಲಿಯಲ್ಲೇ ಬಿಟ್ಟೆ. ಆಮೇಲೆ ಕುಂದಾಪುರದಲ್ಲಿ ಯಾರೋ ಸಿಕ್ಕಿದರು ಎಂದು ಫೋನ್ ಮಾಡಿದರು. ಬ್ರೆಡ್ಡನ್ನು ಮಗುಚಿ ಹಾಕಿ ಮತ್ತೆ ಕಾವಲಿಯಲ್ಲೇ ಬಿಟ್ಟೆ. ಅವರ ಕಾರು ಗೇಟಿಗೆ ಬಂದಾಗ ಬ್ರೆಡ್ಡನ್ನು ತಟ್ಟಿದರೆ ತೆಂಗಿನ ಕರಟದ ಸದ್ದು ಬರುತ್ತಿತ್ತು.

ಇನ್ನು ತಡಮಾಡುವಂತಿರಲಿಲ್ಲ. ಕೋಳಿ ಬೇಯಿಸುವುದು ಮರೆತೇಹೋಗಿತ್ತು; ಗಿರಿಜಾಳ ಸಾರಿನಿಂದಲೇ ತುಂಡು ಎತ್ತಿ ಬ್ರೆಡ್ಡಿನ ಮೇಲೆ ಇಟ್ಟೆ. ಅದರ ಮೇಲೆ ಚೀಸು, ಅದರ ಮೇಲೆ ಇನ್ನೊಂದು ಬ್ರೆಡ್ಡು; ಹೀಗೆ ಎರಡು.

“ಮೂಳೆ ತೆಗುಕಿಲ್ಯಾ?” ಎಂದಳು ಗಿರಿಜಾ.

“ರುಚಿ ಇಪ್ಪುದೇ ಮೂಳೇಲ್” ಎಂದೆ.

ಮೇಲಿನ ಬ್ರೆಡ್ಡು ಮೂಳೆಯ ಮೇಲೆ ತಕ್ಕಡಿಯ ಹಾಗೆ ತೂಗಾಡತೊಡಗಿತು. ವಿಡಿಯೋದಲ್ಲಿ ಒತ್ತಲು ಒಂದು ಭಾರವಾದ ಕಬ್ಬಿಣವಿತ್ತು. ನಮ್ಮಲ್ಲಿ ಅರೆಯುವ ಕಲ್ಲಿನ ಗುಂಡಿತ್ತು. ಎರಡೂ ಕೈಯಲ್ಲಿ ತಬ್ಬಿ ತಂದು ಕಾವಲಿಯ ಮೇಲೆ ಪ್ರತಿಷ್ಠಾಪಿಸಿದೆ. ಒಳಗಿನಿಂದ ‘ಟಕ್’ ಎಂದಿತು. ಬ್ರೆಡ್ಡು ಮುರಿಯಿತೋ ಮೂಳೆ ಮುರಿಯಿತೋ ಹೇಳಲು ಈಗಲೂ ಆಗುವುದಿಲ್ಲ.

ಜಯರಾಮಣ್ಣ ಕೈ ತೊಳೆದು ಕುಳಿತರು. ನಾನೇ ಬಡಿಸಿದೆ. ಅವರು ಕಚ್ಚಿದರು. ಒಂದು ಕಡೆ ಕಚ್ಚಿ ಸೋತು ಇನ್ನೊಂದು ಕಡೆಯಿಂದ ಕಚ್ಚಿದರು. ಆಮೇಲೆ ಕೈಯಲ್ಲಿದ್ದುದನ್ನು ಹಿಂದಕ್ಕೆ ಎಳೆದರು. ಚೀಸು ಅವರ ಹಲ್ಲಿನಿಂದ ಹೊರಟು ಉದ್ದಕ್ಕೆ ಬಂತು. ಮೊಣಕೈ ಚಾಚುವವರೆಗೂ ಬಂತು. ನನಗೋ ಎದೆ ತುಂಬಿ ಬಂತು. ವಿಡಿಯೋದಲ್ಲಿ ಥೇಟ್ ಹೀಗೇ ಇತ್ತು!

“ಭಾವ, ಇದ್ ಎಳ್ದ್ರೂ ಹರೂದಿಲ್ಲೆ ಅಲ್ದೆ?” ಎಂದರು ಜಯರಾಮಣ್ಣ, ಹಲ್ಲು ಬಿಡದೆ.

“ಒಳ್ಳೆ ಚೀಸಿನ ಲಕ್ಷಣವೇ ಅದ್” ಎಂದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಗಿರಿಜಾ ಬಂದಳು. ಬಗ್ಗಿ ನೋಡಿದಳು. ಭಾವನ ಬಾಯಿಂದ ನೇತಾಡುತ್ತಿದ್ದುದನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಬಿಡಿಸಿ ಬೆಳಕಿಗೆ ಹಿಡಿದಳು. ಅದರ ಆಚೆಗೆ ಕಿಟಕಿ, ಅಂಗಳ, ಜಯರಾಮಣ್ಣನ ಕಾರು ಎಲ್ಲವೂ ಸ್ವಚ್ಛವಾಗಿ ಕಾಣುತ್ತಿದ್ದವು.

“ಇದ್ ಚೀಸಲ್ಲ. ಚೀಸಿಗ್ ಸುತ್ತಿದ ಪ್ಲಾಸ್ಟಿಕ್ಕ್.”

ಒಂದೊಂದು ಚೌಕಕ್ಕೂ ಒಂದೊಂದು ಹೊದಿಕೆ ಇರುತ್ತದೆ ಎಂಬುದು ಗಲ್ಲಾದ ತನಕ ಬರುವ ಸುದ್ದಿಯೇ ಅಲ್ಲ. ನಂಬಿಕೆಯಾಗದೆ ನಾನೂ ಒಂದನ್ನು ಕಚ್ಚಿ ನೋಡಿದೆ. ಮಾಡಿದ್ದುಣ್ಣೋ ಮಹರಾಯ. ನನ್ನ ಹಳೆಯ ದವಡೆ ಹಲ್ಲೊಂದು ಅಂದಿನಿಂದ ಅಲ್ಲಾಡುತ್ತಿದೆ.

ಕಿರಿಮಂಜೇಶ್ವರದ ಕೆಲಸ ಕೈತಪ್ಪಿತು ಎಂದು ನನಗೆ ಖಾತ್ರಿಯಾಯಿತು. ನಾಳೆ ಬೆಳಿಗ್ಗೆ ಮತ್ತೆ ಅದೇ ಜಗಲಿ.

ಗಿರಿಜಾ ಮಾತ್ರ ಉಳಿದ ಬ್ರೆಡ್ಡುಗಳನ್ನು ತಂದು ಬಟ್ಟಲಿಗೆ ಪಟಪಟನೆ ಮುರಿದು ಹಾಕಿದಳು, ಥೇಟ್ ನಮ್ಮ ಕಡೆ ಕೋಳಿ ಸಾರಿಗೆ ಒಣ ರೊಟ್ಟಿ ಮುರಿದು ಹಾಕುವ ಹಾಗೆ. ಮೇಲಿಂದ ಬಿಸಿ ಸಾರು ಹೊಯ್ದಳು. ಹೊದಿಕೆ ಬಿಡಿಸಿದ ಒಂದು ಚೌಕ ಚೀಸನ್ನು ಅದರ ಮೇಲಿಟ್ಟಳು. ಅದು ಕರಗಿ ಮಸಾಲೆಯೊಳಗೆ ಇಳಿಯಿತು.

“ಇದನ್ ಉಣ್ಣಿ ಭಾವ.”

ಜಯರಾಮಣ್ಣ ಉಂಡರು. ಮತ್ತೆ ಬಟ್ಟಲು ಚಾಚಿದರು. ಮೂರನೆಯ ಸಲ ಸಾರನ್ನು ಅವರೇ ಹೊಯ್ದುಕೊಂಡರು.

“ಗಿರಿಜಾ, ಹೋಟ್ಲಿನ ಕಿಚನ್ ನೀನೇ ಕಾಣ್ಕ್” ಎಂದರು ಬೆರಳು ನೆಕ್ಕುತ್ತ.

“ನಾನ್ ಬತ್ತೆ. ಇವ್ರಿಗ್ ಎಂತ ಮಾಡುದ್?”

ಅವರು ಎದ್ದು ಕೈ ತೊಳೆದು ಬಾಗಿಲಿಗೆ ನಡೆದರು. ಅಲ್ಲಿ ಮೇಜಿನ ಮೇಲೆ ನಾನು ಗಲ್ಲಾದ ಹಳೆಯ ಅಭ್ಯಾಸದಂತೆ ಬಟ್ಟಲಲ್ಲಿ ಸೋಂಪು, ಪಕ್ಕದಲ್ಲಿ ಹಲ್ಲುಕಡ್ಡಿ ಇಟ್ಟಿದ್ದೆ. ಅವರ ಹಿಂದೆಯೇ ಹೋದೆ. ಕೈ ತಾನಾಗಿ ಬಟ್ಟಲನ್ನು ಮುಂದೆ ಚಾಚಿತು, ಮುಖ ತಾನಾಗಿ ನಕ್ಕಿತು. ಜಯರಾಮಣ್ಣ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಭಾವ, ನಿಜ ಹೇಳಿ. ನೀವ್ ಮುಂಬೈಯಲ್ಲಿ ಗಲ್ಲಾದಲ್ ಇದ್ದದ್ದಲ್ದಾ?”

ನಾನು ಹಲ್ಲುಕಡ್ಡಿಯನ್ನೂ ಮುಂದೆ ಚಾಚಿದೆ.

“ಅದನ್ ಮೊದ್ಲೇ ಹೇಳುಕಾತಿಲ್ಯಾ? ನಂಗ್ ಗಲ್ಲಾಕ್ಕೂ ಜನ ಬೇಕಿತ್ತಲೆ.”

ಈಗ ನಾವಿಬ್ಬರೂ ದಿನಾ ಬಸ್ಸಿನಲ್ಲಿ ಕಿರಿಮಂಜೇಶ್ವರಕ್ಕೆ ಹೋಗುತ್ತೇವೆ. ಕೋಳಿ ಸಾರಿನಲ್ಲಿ ನೆನೆದ ಗಿರಿಜಾಳ ‘ಬ್ರೆಡ್ ರೊಟ್ಟಿ’ಗೆ ಬೈಂದೂರಿನಿಂದಲೂ ಜನ ಬರುತ್ತಾರೆ. ಯಾರಾದರೂ ಇದು ಯಾರ ಉಪಾಯ ಎಂದು ಕೇಳಿದರೆ, ಬ್ರೆಡ್ಡನ್ನು ಮೊದಲು ಆ ಹದಕ್ಕೆ ತಂದವನು ನಾನು ಎಂದು ಶುರು ಮಾಡುತ್ತೇನೆ. ಅಷ್ಟರಲ್ಲಿ ಒಳಗಿನಿಂದ ದನಿ ಬರುತ್ತದೆ.

“ಹ್ವಾಯ್, ಸೋಂಪ್ ಮುಗ್ದಿತ್ತ್, ಕಾಣಿ.”

ಕೂಡಲೇ ಎದ್ದು ಬಟ್ಟಲು ತುಂಬಿಸುತ್ತೇನೆ. ಪ್ಯಾಕೆಟ್ಟಿನ ಪ್ಲಾಸ್ಟಿಕ್ಕನ್ನು ಮರೆಯದೆ ತೆಗೆಯುತ್ತೇನೆ.