ಗೌರಿಯ ಕಂಬ ಯಾಕೆ ಅಷ್ಟು ಎತ್ತರ?

ಕಂಪ್ಯೂಟರಿನಲ್ಲಿ ಗ್ರಾಫ್ ತೆಗೆಯುವುದು ನನ್ನ ಕೆಲಸ. ಗ್ರಾಫ್ ಸುಮ್ಮನಿರುತ್ತದೆ, ನೋಡಿದವರು ಸುಮ್ಮನಿರುವುದಿಲ್ಲ. ಹಾಗಾಗಿ ನೌಬಾದಿನ ನಮ್ಮ ಪ್ರಯೋಗಾಲಯದಲ್ಲಿ ಇಂಥದ್ದೊಂದು ನಡೆಯುತ್ತಲೇ ಇರುತ್ತದೆ.

ಈಚೆಗೆ ಪಿಎಚ್‌ಡಿ ಮಾಡುವ ಹುಡುಗಿಯೊಬ್ಬಳು ಭಾಲ್ಕಿ, ಔರಾದ ಕಡೆಯ ಆಕಳುಗಳಿಗೆ ಲಸಿಕೆ ಹಾಕಿಸಿ ರಕ್ತ ತಂದಿದ್ದಳು. ರೋಗ ತಡೆಯುವ ಜೀವಕೋಶಗಳ ಮೈಮೇಲೆ ರೋಗಾಣುವನ್ನು ಗುರುತು ಹಿಡಿಯುವ ಗ್ರಾಹಕಗಳಿರುತ್ತವೆ. ಕಂಪ್ಯೂಟರಿನಲ್ಲಿ ಒಂದೊಂದು ಗ್ರಾಹಕವೂ ಜೀನಿನ ಅಕ್ಷರಗಳ ಒಂದೊಂದು ಸಾಲು. ಯಾವ ಆಕಳಿನಲ್ಲಿ ಯಾವ ಸಾಲು ಎಷ್ಟು ಸಲ ಬಂದಿದೆ ಎಂದು ಸಾಫ್ಟ್‌ವೇರ್ ಎಣಿಸುತ್ತದೆ, ನಾನು ಅದನ್ನು ಆಕಳಿಗೊಂದು ಕಂಬವಾಗಿ ನಿಲ್ಲಿಸುತ್ತೇನೆ. ಸೋಮವಾರ ಕಮಿಟಿ ಒಪ್ಪಿದರೆ ಅವಳು ಪ್ರಬಂಧ ಬರೆಯಬಹುದು. ಒಪ್ಪದಿದ್ದರೆ ಮತ್ತೆ ಮೊದಲಿನಿಂದ ಆಕಳು ಹಿಡಿಯಬೇಕು.

ಮೊದಲ ಹತ್ತು

ಅತಿ ಹೆಚ್ಚು ಬಂದ ಹತ್ತು ಸಾಲು ಸಾಕು ಎಂದಿದ್ದರು ಅವಳ ಗೈಡ್ ಸಾಹೇಬರು. ಹನ್ನೆರಡು ಬಂದವು. ಕೊನೆಯ ಮೂರು ಸಮಸಮ, ಒಂದನ್ನಿಟ್ಟು ಎರಡನ್ನು ಬಿಡಲಾಗದು ಎಂದೆ. ಮೂರರಲ್ಲಿ ಸೀನಿಯರ್ ಯಾವುದು ಎಂದು ಕೇಳಿದರು. ಹಾಗೇನೂ ಇಲ್ಲ ಎಂದೆ.

“ಹಂಗಾದ್ರ ಹನ್ನೆರಡೂ ಇರ್ಲಿ ಬಿಡ್ರಿ. ಮ್ಯಾಲ ಹತ್ತು ಅಂತ ಬರೀರಿ. ಯಾರು ಎಣಸ್ತಾರ?”

ಔರಾದದ ತಕರಾರು

ಆಕಳು ಕೊಟ್ಟವರಿಗೆ ಫಲಿತಾಂಶ ತೋರಿಸಬೇಕೆಂದು ಹುಡುಗಿ ಔರಾದ ಕಡೆ ಹೋದಳು, ನಾನೂ ಹೋದೆ. ಒಬ್ಬ ರೈತರು ಮೊಬೈಲಿನಲ್ಲಿ ತಮ್ಮ ಆಕಳಿನ ಕಂಬ ನೋಡಿದರು, ಪಕ್ಕದ ಮನೆಯದನ್ನೂ ನೋಡಿದರು. ಪಕ್ಕದ್ದು ಎತ್ತರವಿತ್ತು. ಎತ್ತರವೆಂದರೆ ಮೇಲು ಎಂದಲ್ಲ ಎಂದು ಅವಳು ವಿವರಿಸಿದಳು. ಅವರು ಪೂರ್ತಿ ಕೇಳಿಸಿಕೊಂಡರು.

“ಖರೇ ಅದರಿ. ಆದ್ರ ಸೂಜಿ ಚುಚ್ಚುವಾಗ ನಮ್ಮ ಆಕಳ ಮಿಸುಕಾಡಲಿಲ್ಲ. ಅದು ಲೆಕ್ಕಕ್ಕ ಬರಂಗಿಲ್ಲೇನ್ರಿ?”

ಗೌರಿ

ಗ್ರಾಫಿನಲ್ಲಿ ಒಂದು ಕಂಬ ಮಾತ್ರ ಉಳಿದವುಗಳ ತಲೆಯ ಮೇಲೆ ನಿಂತಿತ್ತು. ಕೆಳಗೆ ‘ಗೌರಿ’ ಎಂದಿತ್ತು. ಆಕಳಿಗೆ ನಂಬರ್ ಹಾಕಲು ಭಾಲ್ಕಿ ಕಡೆಯ ಸಾಯಗಾಂವದವರು ಒಪ್ಪಿರಲಿಲ್ಲ. ಹೆಸರಿರುವಾಗ ನಂಬರ್ ಯಾಕೆ ಎಂದಿದ್ದರಂತೆ. ಹುಡುಗಿ ಹೆಸರನ್ನೇ ಬರೆದುಕೊಂಡಿದ್ದಳು. ಸಾಹೇಬರಿಗೆ ಗೌರಿಯ ಮೇಲೆ ಬಹಳ ಅಭಿಮಾನ ಹುಟ್ಟಿತು. ಕಮಿಟಿಗೆ ಅವಳ ಫೋಟೋ ತೋರಿಸೋಣ ಎಂದು ಶನಿವಾರ ನಮ್ಮಿಬ್ಬರನ್ನೂ ಕರೆದುಕೊಂಡು ಸಾಯಗಾಂವಕ್ಕೆ ಹೊರಟರು.

ಊರಿನ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯನ್ನು ಗೌರಿ ಎಲ್ಲಿ ಎಂದು ಕೇಳಿದೆವು.

“ಯಾವ ಗೌರಿರಿ? ನರ್ಸ್‌ಬಾಯಿ ಮನಿ ಗೌರಿನೋ, ಓಡಿಹೋಗೋ ಗೌರಿನೋ, ಕೊಂಬಿಲೆ ಹಾಯೋ ಗೌರಿನೋ?”

ಹುಡುಗಿಯ ಮುಖ ಸಣ್ಣದಾಯಿತು. ಮೂರರ ರಕ್ತವನ್ನೂ ಅವಳೇ ತೆಗೆದಿದ್ದಳು. ಹೆಸರು ಒಂದೇ ಆದದ್ದರಿಂದ ಸಾಫ್ಟ್‌ವೇರ್ ಮೂರನ್ನೂ ಕೂಡಿಸಿ ಒಂದೇ ಆಕಳು ಮಾಡಿತ್ತು. ಸಾಹೇಬರು ಫೋಟೋ ತೆಗೆಯದೆ ಕಾರು ಹತ್ತಿದರು.

ಭಾನುವಾರ ಮೂರನ್ನೂ ಬೇರೆ ಮಾಡಿ ಗ್ರಾಫ್ ಹೊಸದಾಗಿ ತೆಗೆದೆ. ಗೊಂದಲವಾಗಬಾರದೆಂದು ಅಜ್ಜಿ ಹೇಳಿದ ಹೆಸರುಗಳನ್ನೇ ಕಂಬಗಳ ಕೆಳಗೆ ಹಾಕಿದೆ. ಎಲ್ಲ ಕಂಬಗಳೂ ಈಗ ಸಾಧಾರಣ ಎತ್ತರದವು.

ಸೋಮವಾರ ಕಮಿಟಿಯವರು ಅವಳನ್ನು ಚೆನ್ನಾಗಿಯೇ ಹಿಂಡಿದರು. ಇದರಲ್ಲಿ ವಿಶೇಷವೇನಿದೆ, ಇನ್ನಷ್ಟು ಆಕಳು ಬೇಕಲ್ಲವೇ ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು. ಸಾಹೇಬರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕಮಿಟಿಯ ಹಿರಿಯರು, ಹಳೆಯ ದನದ ಡಾಕ್ಟರು, ಎದ್ದರು. ಕನ್ನಡಕ ಏರಿಸಿ ಗ್ರಾಫಿನ ಹತ್ತಿರ ಹೋದರು.

“ಈ ಹಾಯೋ ಗೌರಿ ರಕ್ತ ತಗದವ್ರು ಯಾರವ್ವ?”

“ನಾನೇರಿ ಸರ್.”

“ಎಷ್ಟ ಸಲ?”

“ಲಸಿಕೆ ಹಾಕೋ ಮೊದಲ ಒಮ್ಮೆ, ಹಾಕಿದ ಮ್ಯಾಲ ಒಮ್ಮೆರಿ.”

ಅವರು ಬಂದು ಕುರ್ಚಿಯಲ್ಲಿ ಕುಳಿತು ಪೆನ್ನಿನ ಮುಚ್ಚಳ ತೆಗೆದರು.

“ಗೊತ್ತಿದ್ದೂ ಎರಡನೇ ಸಲ ಹೋಗ್ಯಾಳ. ಇನ್ನೇನ್ ಕೇಳತೀರಿ, ಸಹಿ ಮಾಡ್ರಿ.”