ಪರವಾನಗಿಯಿಲ್ಲದ ಹುಲ್ಲು

ಐದೇ ಐದು ನಿಮಿಷ ಮಾತಾಡಿ ಎಂದು ಬಡಾವಣೆಯ ನಿವಾಸಿಗಳ ಸಂಘದವರು ಕೇಳಿದಾಗ ಚಂದ್ರಮೋಹನ ಆಗಲ್ಲ ಅಂದುಬಿಡಬಹುದಿತ್ತು. ಆದರೆ ಮೈಸೂರು ಬಿಟ್ಟು ಜಪಾನಿನ ಸೆಂಡಾಯ್‌ಗೆ ಬಂದಮೇಲೆ ಒಬ್ಬರು ಅವನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಮನೆಯಲ್ಲೂ ಯಾರೂ ಕೇಳಿರಲಿಲ್ಲ.

ಅವನ ಹೆಂಡತಿ ಶರ್ವಾಣಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೂಕಂಪಕ್ಕೆ ಜಗ್ಗದ ಕಾಂಕ್ರೀಟಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅವಳ ವೀಸಾದ ಸೆರಗು ಹಿಡಿದು, ವಿಮಾ ಕಂಪನಿಯ ಕೆಲಸ ಬಿಟ್ಟು, ಅವಲಂಬಿತ ಪತಿ ಎನ್ನಿಸಿಕೊಂಡು ಬಂದವನು ಚಂದ್ರಮೋಹನ. ಮೊದಮೊದಲು ಬೆಳಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಮೂಲೆಯಲ್ಲಿ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗೆ ಹೋಗಿ ಒಂದು ಕಾಫಿ ಕುಡಿದು ವಾಪಸು ಬರುತ್ತಿದ್ದ. ಒಂದು ದಿನ ಪಕ್ಕದ ಮನೆಯ ಅಜ್ಜಿ ಓಕಾಮೊತೊ ಸಾನ್ ಹುಲ್ಲು ಕತ್ತರಿಸುವ ಮೆಷಿನ್ನಿನ ಹಗ್ಗ ಎಳೆಯಲಾರದೆ ಒದ್ದಾಡುತ್ತಿದ್ದರು. ಚಂದ್ರಮೋಹನ ಹಗ್ಗ ಎಳೆದುಕೊಟ್ಟ. ಹಾಗೇ ಅಂಗಳದ ಹುಲ್ಲನ್ನೂ ಕತ್ತರಿಸಿದ. ಸಂಜೆ ಅಜ್ಜಿ ಬುಟ್ಟಿ ತುಂಬ ಎಳೆ ಬದನೆಕಾಯಿ ತಂದುಕೊಟ್ಟರು. ಶರ್ವಾಣಿ ಎಣ್ಣೆಗಾಯಿ ಮಾಡಿದಳು.

ಆ ಬಡಾವಣೆಯಲ್ಲಿ ಹುಲ್ಲಿಗೆ ಮಾತ್ರ ಯೌವನ. ಮಿಕ್ಕವರೆಲ್ಲ ಎಪ್ಪತ್ತು ದಾಟಿದವರು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹೆಸರಿಗೆ ಗೌರವದ ಸಾನ್ ಸೇರಿ ಚಂದ್ರಾಸಾನ್ ಆಗಿದ್ದ ಅವನು ಬರದೆ ಯಾರ ಅಂಗಳವೂ ಹಸನಾಗುತ್ತಿರಲಿಲ್ಲ. ದುಡ್ಡು ಅವನು ಮುಟ್ಟುತ್ತಿರಲಿಲ್ಲ. ಬದನೆ, ಕುಂಬಳಕಾಯಿ, ಪೇರಳೆ, ಹೊಸ ಅಕ್ಕಿ ಬೇಡವೆನ್ನುತ್ತಲೂ ಇರಲಿಲ್ಲ. ಶರ್ವಾಣಿ ಆ ವರ್ಷ ತರಕಾರಿ ಅಂಗಡಿಯ ಕಡೆ ತಲೆ ಹಾಕಿರಲಿಲ್ಲ.

ಹೀಗಿರುವಾಗ ಬಂದರಿನ ಹತ್ತಿರದ ಮೀನು ಕಾರ್ಖಾನೆಯಿಂದ, ಹೊರದೇಶದಿಂದ ಕೂಲಿಗೆ ಬಂದಿದ್ದ ಯುವಕನೊಬ್ಬ ಓಡಿಹೋದ. ಎಲ್ಲೋ ಕದ್ದು ಕೆಲಸ ಮಾಡುತ್ತಿದ್ದಾನೆ ಎಂದು ಸುದ್ದಿ. ಇಂಥವರ ವಿಷಯದಲ್ಲಿ ದೇಶ ಏನು ಮಾಡಬೇಕು ಎಂದು ಚರ್ಚಿಸಲು ಸಂಘದವರು ಶುಕ್ರವಾರ ಬೆಳಗ್ಗೆ ಸಭೆ ಕರೆದರು. ಒಬ್ಬ ಒಳ್ಳೆಯ ವಿದೇಶಿಯ ಬಾಯಿಂದಲೂ ನಾಲ್ಕು ಮಾತು ಬರಲಿ ಎಂದು ಅಧ್ಯಕ್ಷ ಸುಗಾವಾರಾ ಸಾನ್‌ಗೆ ಅನ್ನಿಸಿತು. ಅವರ ಕಣ್ಣಳತೆಯಲ್ಲಿ ಒಳ್ಳೆಯ ವಿದೇಶಿ ಎಂದರೆ ಒಬ್ಬನೇ.

ಏನು ಹೇಳಬೇಕೆಂದು ಕಲಿಸಿದವರು ಮೇಲಿನ ಮಹಡಿಯ ನಂಜುಂಡಸ್ವಾಮಿ. ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ಇಪ್ಪತ್ತು ವರ್ಷ ಅಲ್ಲೇ ಬೇರುಬಿಟ್ಟವರು. ಊರಿನ ಕನ್ನಡಿಗರ ಎಲ್ಲ ಸಮಸ್ಯೆಗಳಿಗೂ, ಯಾರೂ ಕೇಳದಿದ್ದರೂ, ಸಲಹೆಗಾರರು.

"ನೋಡು ಚಂದ್ರು, ಸ್ಟ್ರಿಕ್ಟಾಗಿ ಮಾತಾಡ್ಬೇಕು. ರೂಲ್ಸ್ ಅಂದ್ರೆ ರೂಲ್ಸ್. ಪರ್ಮಿಷನ್ ಇಲ್ದೆ ಕೆಲಸ ಮಾಡೋರ್ನ ಅದೇ ದಿನ ಫ್ಲೈಟ್ ಹತ್ತಿಸ್ಬೇಕು ಅನ್ನು. ನಮ್ಮಂಥ ಲೀಗಲ್ ಜನರ ಮೇಲೆ ರೆಸ್ಪೆಕ್ಟ್ ಜಾಸ್ತಿ ಆಗುತ್ತೆ."

"ಪಾಪ ಅಲ್ವಾ ಸರ್. ಆ ಹುಡುಗ ಅಲ್ಲಿ ಏನು ಕಷ್ಟಕ್ಕೆ ಓಡ್ಹೋದ್ನೋ ಏನೋ."

"ಪಾಪ ಅನ್ನೋದನ್ನ ಕನ್ನಡದಲ್ಲಿ ಇಟ್ಕೊ. ಜಾಪನೀಸ್‌ನಲ್ಲಿ ಬರೀ ರೂಲ್ಸ್ ಹೇಳು."

ಸಭೆಗೆ ಇಡೀ ಬಡಾವಣೆ ಬಂದಿತ್ತು. ಒಬ್ಬರು ಗಡಿ ಮುಚ್ಚಬೇಕು ಎಂದರು. ಹಿಂದೆ ಅದೇ ಕಾರ್ಖಾನೆಯಲ್ಲಿ ದುಡಿದಿದ್ದ ಅಜ್ಜಿಯೊಬ್ಬರು, ಎಲ್ಲರನ್ನೂ ಕಳಿಸಿಬಿಟ್ಟರೆ ಮೀನು ಯಾರು ಕೊಯ್ಯಬೇಕು, ನನ್ನ ಮಂಡಿ ನೋಡಿ ಹೇಳಿ ಎಂದರು. ಯಾರೂ ಅವರ ಮಂಡಿ ನೋಡಲಿಲ್ಲ. ಆಮೇಲೆ ಚಂದ್ರಮೋಹನ ಎದ್ದುನಿಂತ. ಮೊದಲೆರಡು ವಾಕ್ಯ ತೊದಲಿದ. ಸುಗಾವಾರಾ ಸಾನ್ ತಲೆದೂಗುವುದನ್ನು ಕಂಡು ಧೈರ್ಯ ಬಂತು. ನಂಜುಂಡಸ್ವಾಮಿ ಹೇಳಿಕೊಟ್ಟದ್ದನ್ನೆಲ್ಲ ಹೇಳಿ, ಸಾಲದೆಂದು ತನ್ನದೂ ಒಂದಿಷ್ಟು ಸೇರಿಸಿದ. ಪರವಾನಗಿ ಇಲ್ಲದವನಿಗೆ ಕೆಲಸ ಕೊಡುವವರನ್ನೂ ಬಿಡಬಾರದು, ಕೊಡುವ ಕೈ ಇರುವುದರಿಂದಲೇ ಚಾಚುವ ಕೈ ಇದೆ, ನಮ್ಮ ಬೀದಿಗಂತೂ ಹೊರಗಿನ ಕೂಲಿಯೇ ಬೇಡ ಎಂದ. ಚಪ್ಪಾಳೆ ಬಿತ್ತು. ಓಕಾಮೊತೊ ಸಾನ್ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದರು.

ಆಗ ಹಿಂದಿನ ಸಾಲಿನಲ್ಲಿ ಸಾತೋ ಸಾನ್ ಕೈಯೆತ್ತಿದರು. ನಗರಸಭೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಹೋದ ತಿಂಗಳಷ್ಟೇ ಈ ಬೀದಿಗೆ ಬಂದವರು.

"ಸುಮಿಮಾಸೆನ್, ಕ್ಷಮಿಸಿ. ತಿಳಿದುಕೊಳ್ಳೋಕೆ ಕೇಳ್ತಾ ಇದೀನಿ, ಅಷ್ಟೆ. ಚಂದ್ರಾಸಾನ್ ಅವರ ವೀಸಾದಲ್ಲಿ ಹುಲ್ಲು ಕತ್ತರಿಸೋಕೆ ಪರವಾನಗಿ ಇದೆಯಾ?"

"ನಾನು ದುಡ್ಡು ತಗೊಳ್ಳಲ್ಲವಲ್ಲ," ಎಂದ ಚಂದ್ರಮೋಹನ.

"ಬದನೆಕಾಯಿ?"

ಅಲ್ಲಿ ಬದನೆಕಾಯಿಯನ್ನೋ ಕುಂಬಳಕಾಯಿಯನ್ನೋ ಕೊಡದವರು ಸಾತೋ ಸಾನ್ ಒಬ್ಬರೇ. ಕೆಲಸ ಕೊಟ್ಟವರನ್ನೂ ಬಿಡಬಾರದು ಎಂದು ಚಂದ್ರಮೋಹನ ಈಗತಾನೆ ಹೇಳಿದ್ದು ಎಲ್ಲರ ಕಿವಿಯಲ್ಲೂ ಇತ್ತು. ಸುಗಾವಾರಾ ಸಾನ್ ಗಂಟಲು ಸರಿಮಾಡಿಕೊಂಡು, ಚಹಾಕ್ಕಾಗಿ ವಿರಾಮ ಎಂದರು. ಚಹಾ ಆಗಲೇ ಆಗಿಹೋಗಿತ್ತು.

ಚಂದ್ರಮೋಹನ ಮನೆ ಸೇರಿ ಬೂಟು ಬಿಚ್ಚುವಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಓಕಾಮೊತೊ ಸಾನ್.

"ಚಂದ್ರಾಸಾನ್, ನಾನು ಕೊಟ್ಟ ಬದನೆಕಾಯಿ ಏನಾದರೂ ಉಳಿದಿದೆಯಾ?"

"ತಿಂದುಬಿಟ್ಟೆವಲ್ಲ ಅಜ್ಜಿ."

"ಎಲ್ಲಾನೂ?" ಅಜ್ಜಿ ಬೀದಿಯ ಆ ಕಡೆ ಈ ಕಡೆ ನೋಡಿದರು. "ಒಳ್ಳೇದೇ ಆಯ್ತು ಬಿಡಿ."

ಅವರು ಹೋದ ಹಿಂದೆಯೇ ಎದುರು ಮನೆಯವರು ಒಂದು ಮೂಟೆ ಅಕ್ಕಿ ತಂದರು. ಇದು ಹುಲ್ಲಿಗಲ್ಲ, ಸುಮ್ಮನೆ ಕೊಡುತ್ತಿದ್ದೇನೆ, ಸುಮ್ಮನೆ ಕೊಡುವುದು ನನ್ನ ಅಭ್ಯಾಸ ಎಂದು ತೋರಬೇಕಲ್ಲ ಎಂದು ವಿವರಿಸಿದರು. ಆ ಉಪಾಯ ಬೇಗ ಹಬ್ಬಿತು. ಒಬ್ಬರು ಪೇರಳೆಯ ಪೆಟ್ಟಿಗೆ ತಂದರು, ಇನ್ನೊಬ್ಬರು ತೀರಿಹೋದ ಗಂಡನ ಉಣ್ಣೆಯ ಕೋಟು ತಂದು, ನೀವು ನಮ್ಮ ಮನೆಯವರಿದ್ದ ಹಾಗೆ, ಯಾರಾದರೂ ಕೇಳಿದರೆ ಹಾಗೇ ಹೇಳಿ ಎಂದರು. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಪೂರ್ತಿ ತೆರೆಯದಷ್ಟು ಕುಂಬಳಕಾಯಿ ಸೇರಿತ್ತು.

ಸಭೆಗೆ ಬರಲಾಗದಿದ್ದ ನಂಜುಂಡಸ್ವಾಮಿ ಅಡ್ಡಡ್ಡ ತೂರಿಕೊಂಡು ಒಳಗೆ ಬಂದರು. ಕತೆ ಕೇಳಿ ಸೋಫಾದ ಮೇಲೆ ಕೂರಲು ಹೋಗಿ, ಜಾಗವಿಲ್ಲದೆ ಅಕ್ಕಿ ಮೂಟೆಯ ಮೇಲೆ ಕೂತರು.

"ನೀನು ಯಾಕೋ ಅಷ್ಟು ಸ್ಟ್ರಿಕ್ಟಾಗಿ ಮಾತಾಡೋಕೆ ಹೋದೆ?"

"ನೀವೇ ಅಲ್ವಾ ಸರ್ ಹೇಳಿದ್ದು."

"ಸ್ಟ್ರಿಕ್ಟಾಗಿ ಅಂದ್ರೆ ಸ್ವಲ್ಪ ಸ್ಟ್ರಿಕ್ಟಾಗಿ. ಆ ಸಾತೋ ಒಂದು ಫೋನ್ ಮಾಡಿದ್ರೆ ನಿನ್ನದು ಹೋಗ್ಲಿ, ಶರ್ವಾಣಿ ವೀಸಾ ರಿನ್ಯೂವಲ್ಲಿಗೂ ತೊಂದರೆ. ಮೊದಲು ಈ ಎವಿಡೆನ್ಸ್ ಎಲ್ಲಾ ನನ್ನ ಕಾರಿಗೆ ಹಾಕು."

ಶರ್ವಾಣಿಯ ಹೆಸರು ಕೇಳಿದ್ದೇ ಚಂದ್ರಮೋಹನ ಫೋನು ಹುಡುಕಿದ. ಅವಳ ಮೂರು ವರ್ಷದ ಕಾಂಕ್ರೀಟು ತನ್ನ ಎಣ್ಣೆಗಾಯಿಯ ಆಸೆಗೆ ಕುಸಿಯುವುದೆಂದರೆ ಏನು? ಅವನು ಪ್ರಯೋಗಾಲಯಕ್ಕೆ ಫೋನ್ ಮಾಡಿ ಎಲ್ಲ ಒಪ್ಪಿಸಿದ.

"ಸ್ವಾಮಿ ಸರ್ ಹೇಳಿದ್ದಕ್ಕೆ ಉಲ್ಟಾ ಮಾಡಿ," ಎಂದಳು ಶರ್ವಾಣಿ. "ಏನೂ ಬಚ್ಚಿಡಬೇಡಿ. ನೇರವಾಗಿ ಇಮಿಗ್ರೇಷನ್ ಆಫೀಸಿಗೆ ಹೋಗಿ ಕೇಳಿ."

ಅಷ್ಟರಲ್ಲಿ ಎವಿಡೆನ್ಸು ಕಾರಿನೊಳಗಿತ್ತು. ಅದರ ಸಮೇತವೇ ಹೊರಟರು. ಪ್ರತಿ ಸಿಗ್ನಲ್ಲಿನಲ್ಲೂ ಹಿಂದಿನ ಸೀಟಿನಿಂದ ಒಂದು ಕುಂಬಳಕಾಯಿ ಉರುಳಿ ಧಪ್ಪೆಂದು ಬೀಳುತ್ತಿತ್ತು. ಪ್ರತಿ ಸಲವೂ ಇಬ್ಬರೂ ಹಿಂದೆ ಪೊಲೀಸು ಬಂತೆಂದು ತಿರುಗಿ ನೋಡುತ್ತಿದ್ದರು.

ವಲಸೆ ಕಚೇರಿಯ ಕೌಂಟರಿನಲ್ಲಿ ಕೂತಿದ್ದವಳು ಇನ್ನೂ ಚಿಕ್ಕ ವಯಸ್ಸಿನ ಅಧಿಕಾರಿ. ನಂಜುಂಡಸ್ವಾಮಿ ಮುಂದೆ ಬಾಗಿ, "ನಮ್ಮ ಫ್ರೆಂಡ್ ಒಬ್ಬರಿದ್ದಾರೆ," ಎಂದು ಶುರು ಮಾಡಿದರು.

"ಆ ಸ್ನೇಹಿತರ ಹೆಸರೇನು?"

"ಚಂದ್ರಮೋಹನ," ಎಂದ ಚಂದ್ರಮೋಹನ. ಹಗ್ಗ ಎಳೆದದ್ದರಿಂದ ಹಿಡಿದು ಎಣ್ಣೆಗಾಯಿಯವರೆಗೆ ಒಂದನ್ನೂ ಬಿಡದೆ ಹೇಳಿದ.

ಅವಳು ಶ್ರದ್ಧೆಯಿಂದ ಕೇಳಿಸಿಕೊಂಡಳು. ಕುಂಬಳಕಾಯಿ ಯಾವ ಗಾತ್ರದ್ದು ಎಂದು ವಿಚಾರಿಸಿದಳು. ಚಂದ್ರಮೋಹನ ಕೈಯಗಲಿಸಿ ತೋರಿಸಿದ, ನಂಜುಂಡಸ್ವಾಮಿ ಆ ಕೈಗಳನ್ನು ಮೆಲ್ಲನೆ ಹತ್ತಿರಕ್ಕೆ ಒತ್ತಿದರು. ಅವಳು ಮೇಲಧಿಕಾರಿಯನ್ನು ಕೇಳಲು ಒಳಗೆ ಹೋದಳು. ಆ ಹೊತ್ತಿನಲ್ಲಿ ಚಂದ್ರಮೋಹನನಿಗೆ ಮೀನು ಕಾರ್ಖಾನೆಯ ಯುವಕನ ನೆನಪಾಯಿತು. ಅವನೂ ಎಲ್ಲೋ ಒಂದು ಕುರ್ಚಿಯಲ್ಲಿ ಹೀಗೇ ಕೂತು, ಒಳಗಿನ ಬಾಗಿಲು ನೋಡುತ್ತಿರಬಹುದು. ಅವನಿಗೆ ಶರ್ವಾಣಿ ಇಲ್ಲ, ಕಾರು ಓಡಿಸಿಕೊಂಡು ಬಂದ ನಂಜುಂಡಸ್ವಾಮಿಯೂ ಇಲ್ಲ. ಬೆಳಗ್ಗೆ ಸಭೆಯಲ್ಲಿ ಅವನನ್ನು ಫ್ಲೈಟ್ ಹತ್ತಿಸಿದ್ದು ಮಾತ್ರ ತಾನೇ.

ಅಧಿಕಾರಿ ಹೊರಗೆ ಬಂದಳು. "ಅಕ್ಕಪಕ್ಕದವರು ಪ್ರೀತಿಯಿಂದ ಕೊಟ್ಟ ತರಕಾರಿಯನ್ನ ನಾವು ಲೆಕ್ಕ ಹಾಕೋಕೆ ಬರೋದಿಲ್ಲ. ಆದರೆ ಇದನ್ನೇ ಕೆಲಸವಾಗಿ ಮಾಡೋದಾದರೆ ಮೊದಲೇ ಅನುಮತಿ ತಗೊಳ್ಳಬೇಕು. ನಿಮ್ಮಂಥವರಿಗೆ ಸಾಮಾನ್ಯವಾಗಿ ಸಿಗುತ್ತೆ. ಇವತ್ತೇ ಅರ್ಜಿ ಕೊಟ್ಟುಹೋಗಿ."

ಚಂದ್ರಮೋಹನ ಅಲ್ಲೇ ಅರ್ಜಿ ಕೊಟ್ಟ. ಅವಳಿಗೆ ಎಷ್ಟು ಸಲ ಅರಿಗಾತೋ ಎಂದು ಧನ್ಯವಾದ ಹೇಳಿದನೆಂದರೆ, ಅವಳು ಪ್ರತಿಸಲವೂ ಬಾಗಿ ಬಾಗಿ ಸೋತಳು. ವಾಪಸು ಬರುವಾಗ ಕುಂಬಳಕಾಯಿ ಬಿದ್ದರೆ ಯಾರೂ ತಿರುಗಿ ನೋಡಲಿಲ್ಲ.

"ನೋಡಿದ್ಯಾ, ನಾನು ಹೇಳ್ದೆ ತಾನೆ, ಎಲ್ಲಾ ಲೀಗಲ್ ಆಗಿರ್ಬೇಕು ಅಂತ," ಎಂದರು ನಂಜುಂಡಸ್ವಾಮಿ. "ಇನ್ಮೇಲೆ ತರಕಾರಿ ಯಾಕೆ? ರಾಜಾರೋಷವಾಗಿ ಸಂಬಳಾನೇ ಕೇಳು."

ಚಂದ್ರಮೋಹನನಿಗೂ ಅದು ಸರಿಯೆನ್ನಿಸಿತು. ತನ್ನದೇ ಒಂದು ಕೆಲಸ, ತನ್ನದೇ ಸಂಪಾದನೆ. ಇನ್ನುಮುಂದೆ ಕೊಂಬಿನಿಯ ಕಾಫಿಯನ್ನು ಅವಲಂಬಿತನಾಗಿ ಕುಡಿಯಬೇಕಿರಲಿಲ್ಲ.

ಬಡಾವಣೆ ತಲುಪಿದಾಗ ಇನ್ನೂ ಬೆಳಕಿತ್ತು. ಸಭಾಭವನದ ಬಾಗಿಲಲ್ಲಿ ಜನ ನಿಂತಿದ್ದರು. ಇವನಿಲ್ಲದಾಗ ತುರ್ತು ಸಭೆ ಸೇರಿತ್ತು. ಇವನನ್ನು ಕಂಡವರೇ ಎಲ್ಲರೂ ಒಟ್ಟಿಗೆ ಬಾಗಿ ವಂದಿಸಿದರು.

"ಇನ್ನೇನೂ ಭಯವಿಲ್ಲ," ಎಂದ ಚಂದ್ರಮೋಹನ. "ಕಚೇರಿಗೆ ಹೋಗಿ ಬಂದೆ. ನೀವು ಕೊಟ್ಟದ್ದು ತಪ್ಪಲ್ಲವಂತೆ. ಅನುಮತಿಗೂ ಅರ್ಜಿ ಹಾಕಿದೀನಿ. ಅದು ಬಂದಮೇಲೆ ನೀವು ನನ್ನನ್ನ ಧಾರಾಳವಾಗಿ ಕೆಲಸಕ್ಕೆ ಇಟ್ಟುಕೊಳ್ಳಬಹುದು."

ಸುಗಾವಾರಾ ಸಾನ್ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡರು. ಆ ಸದ್ದಿನ ಅರ್ಥ ಚಂದ್ರಮೋಹನನಿಗೆ ಗೊತ್ತಿತ್ತು. ಅದಾದಮೇಲೆ ಯಾವತ್ತೂ ಒಳ್ಳೆಯ ಸುದ್ದಿ ಬಂದದ್ದಿಲ್ಲ.

"ಅಲ್ಲೇ ಸ್ವಲ್ಪ ಕಷ್ಟ, ಚಂದ್ರಾಸಾನ್. ಬೆಳಗ್ಗೆ ನೀವು ಅಷ್ಟು ಚೆನ್ನಾಗಿ ಮಾತಾಡಿದಿರಿ. ನಮ್ಮ ಬೀದಿಗೆ ಹೊರಗಿನ ಕೂಲಿ ಬೇಡ ಅಂದಿರಿ. ನಿಮ್ಮ ಮಾತನ್ನೇ ನಾವು ಸರ್ವಾನುಮತದಿಂದ ನಿರ್ಣಯ ಮಾಡಿಬಿಟ್ಟಿದೀವಿ. ನಾವು ನಿಮಗೆ ಸಂಬಳ ಕೊಟ್ಟರೆ ನೀವು ವಿದೇಶಿ ಕೂಲಿ ಆಗ್ತೀರ. ತರಕಾರಿ ಕೊಟ್ಟರೂ ಅದೇ ಅನುಮಾನ. ಏನೂ ಕೊಡದೆ ಇದ್ದರೆ ನೀವು ನಮ್ಮ ನೆರೆಯವರು. ನಿಮ್ಮನ್ನ ನೆರೆಯವರಾಗಿಯೇ ಉಳಿಸಿಕೊಳ್ಳಬೇಕು ಅನ್ನೋದು ಎಲ್ಲರ ಆಸೆ."

ಓಕಾಮೊತೊ ಸಾನ್ ಎರಡೂ ಕೈಯಲ್ಲಿ ಒಂದು ಹಸಿರು ತೋಳಪಟ್ಟಿ ಹಿಡಿದು ಮುಂದೆ ಬಂದರು. ಬಡಾವಣೆಯ ಹುಲ್ಲಿನ ಗೌರವ ಸ್ವಯಂಸೇವಕ ಎಂದು ಅದರ ಮೇಲೆ ಆಗಲೇ ಕಸೂತಿಯಾಗಿತ್ತು. ಇಷ್ಟು ದಿನ ದಾಕ್ಷಿಣ್ಯಕ್ಕೆ ಮುಂದಿನ ಅಂಗಳಕ್ಕೆ ಮಾತ್ರ ಅವನನ್ನು ಕರೆಯುತ್ತಿದ್ದವರೂ, ಈಗ ಕೊಡುವುದು ಏನೂ ಇಲ್ಲವಲ್ಲ ಎಂದು ತಮ್ಮ ಹಿತ್ತಿಲುಗಳನ್ನು ಪಟ್ಟಿಗೆ ಸೇರಿಸಿದ್ದರು. ನಂಜುಂಡಸ್ವಾಮಿ ಕಾರಿನಲ್ಲಿದ್ದ ಕುಂಬಳಕಾಯಿಗಳನ್ನು ಯಾರಿಗೆ ವಾಪಸು ಕೊಡಬೇಕು ಎಂದು ವಿಚಾರಿಸುತ್ತಿದ್ದರು.

ಚಂದ್ರಮೋಹನ ಹೇಗಾದರೂ ತಪ್ಪಿಸಿಕೊಳ್ಳಬೇಕೆಂದು ನೋಡಿದ. "ಆದರೆ ಕಾನೂನಿನ ಪ್ರಕಾರ..." ಎಂದು ಸಾತೋ ಸಾನ್ ಕಡೆ ತಿರುಗಿದ. ಈ ಜಗತ್ತಿನಲ್ಲಿ ಕಾನೂನನ್ನು ನಂಬಿದ ಮನುಷ್ಯ ಅವರೊಬ್ಬರೇ.

ಸಾತೋ ಸಾನ್ ಅವನ ಕಳವಳ ಅರ್ಥವಾದವರಂತೆ ಮುಗುಳ್ನಕ್ಕರು.

"ಅದನ್ನೂ ವಿಚಾರಿಸಿದೆ. ಅನುಮತಿ ತಗೊಂಡು ಸಂಬಳಕ್ಕೆ ದುಡಿದರೆ ವಾರಕ್ಕೆ ಇಪ್ಪತ್ತೆಂಟೇ ಗಂಟೆ. ಅದಕ್ಕಿಂತ ಒಂದು ಗಂಟೆ ಹೆಚ್ಚಾದರೂ ತಪ್ಪು. ಸ್ವಯಂಸೇವೆಗೆ ಅಂಥ ಮಿತಿ ಏನೂ ಇಲ್ಲ. ನೀವು ಎಷ್ಟು ಬೇಕಾದರೂ ಕತ್ತರಿಸಬಹುದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಓಕಾಮೊತೊ ಸಾನ್ ತೋಳಪಟ್ಟಿ ಕಟ್ಟಿ, ನಾಳೆ ಎಷ್ಟು ಹೊತ್ತಿಗೆ ಬರ್ತೀರ ಎಂದು ಕೇಳಿದರು. ಚಂದ್ರಮೋಹನ ಅರಿಗಾತೋ ಎಂದ. ಇಂಥ ಸಂದರ್ಭಕ್ಕೆ ಬೇಕಾಗುವ ಬೇರೆ ಮಾತು ಅವನಿಗೆ ಆ ಭಾಷೆಯಲ್ಲಿ ಇನ್ನೂ ಬರುತ್ತಿರಲಿಲ್ಲ.